ಪರದೆಯ ಕಪ್ಪಂಚು ಕಲಿಸುವ ಪಾಠ

ಬಯಲಿನಲ್ಲಿ ಡೇರೆ ಹಾಕಿ ಚಲಚ್ಚಿತ್ರ ತೋರಿಸುತ್ತಿದ್ದ ಸಂಚಾರಿ ಟಾಕೀಸುಗಳ ಕಾಲವನ್ನು ನಮ್ಮ ಕಡೆಯ ಹಿರಿಯರು ಇನ್ನೂ ನೆನೆಯುವುದುಂಟು. ಕೇಳಿದರೆ ಚಿತ್ರದ ಹೆಸರು, ನಾಯಕನ ಹೆಸರು, ಹಾಡಿನ ಧಾಟಿ ಎಲ್ಲವನ್ನೂ ಅವರು ಹೇಳಬಲ್ಲರು. ಆದರೆ ಆ ಬಿಳಿಯ ಪರದೆಯ ಸುತ್ತಲೂ ಕಪ್ಪು ಅರಿವೆಯ ಪಟ್ಟಿಯನ್ನು ಏಕೆ ಹೊಲಿದಿರುತ್ತಿದ್ದರು ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಕಂಡದ್ದನ್ನು ಕಂಡಂತೆಯೇ ಬಿಟ್ಟುಬಿಡುವುದು ಮನುಷ್ಯಸ್ವಭಾವ. ಕಂಡದ್ದಕ್ಕೆ ಕಾರಣವನ್ನು ಕೇಳುವುದು ವಿಜ್ಞಾನದ ಸ್ವಭಾವ. ಈ ಕಪ್ಪಂಚಿನ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಿ, ಅದರ ಮೂಲಕ ನಮ್ಮ ಕಾಲೇಜುಗಳ ವಿಜ್ಞಾನಶಿಕ್ಷಣದ ಬಗೆಗೆ ನನ್ನ ಅಭಿಪ್ರಾಯವನ್ನು ವಿದ್ಯಾರ್ಥಿಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಇಂದು ಡೇರೆಗಳಿಲ್ಲ. ಸಿನೆಮಾ ಮನೆಯೊಳಗೇ ಬಂದಿದೆ. ಪ್ರೊಜೆಕ್ಟರೊಂದನ್ನು ಮೇಜಿನ ಮೇಲಿಟ್ಟು ಗೋಡೆಯ ಮೇಲೆ ಎರಡು ಮೀಟರ್ ಅಗಲದ ಚಿತ್ರವನ್ನು ನೋಡುವ ಮನೆಗಳು ಚಿಕ್ಕೋಡಿ, ನಿಪ್ಪಾಣಿಗಳಲ್ಲಿಯೂ ಇವೆ. ಹಲವು ಕಾಲೇಜುಗಳ ತರಗತಿಗಳಲ್ಲಿಯೂ ಪ್ರೊಜೆಕ್ಟರು ತೂಗುತ್ತಿರುವುದು. ಆದರೆ ಡೇರೆಯ ಪರದೆಗಿದ್ದ ಕಪ್ಪಂಚು ಈ ಗೋಡೆಗಳಿಗೆ ಇಲ್ಲ. ಇದರಿಂದ ಏನು ನಷ್ಟವಾಯಿತೆಂಬುದನ್ನು ತಿಳಿಯಬೇಕಾದರೆ ಮೊದಲು ಚಿತ್ರದ ಆಕಾರವನ್ನು ಕುರಿತು ಯೋಚಿಸಬೇಕು.

ಎಲ್ಲ ಚಲಚ್ಚಿತ್ರಗಳ ಚೌಕಟ್ಟೂ ಒಂದೇ ಆಕಾರದ್ದಲ್ಲ. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರಲ್ಲಿ ತೆರೆಕಂಡ ‘ಸತಿ ಸುಲೋಚನಾ’ ನಮ್ಮ ನಿಪ್ಪಾಣಿಗೆ ಸಮೀಪದ ಕೊಲ್ಲಾಪುರದಲ್ಲಿಯೇ ಚಿತ್ರೀಕರಣಗೊಂಡಿತು. ಆ ಕಾಲದ ಚಿತ್ರಗಳ ಅಗಲ ಎತ್ತರಗಳು ಹೆಚ್ಚುಕಡಿಮೆ 4 ಕ್ಕೆ 3ರ ಪ್ರಮಾಣದಲ್ಲಿ ಇರುತ್ತಿದ್ದವು. 1953ರಲ್ಲಿ ‘ದಿ ರೋಬ್’ ಎಂಬ ಅಮೆರಿಕದ ಚಿತ್ರದೊಡನೆ ಸಿನೆಮಾಸ್ಕೋಪ್ ಪದ್ಧತಿಯು ಬಂದಿತು. ಫ್ರೆಂಚ್ ವಿಜ್ಞಾನಿ ಆನ್ರಿ ಕ್ರೆತಿಯೆನ್ ರೂಪಿಸಿದ್ದ ಮಸೂರವು ಅಗಲವಾದ ದೃಶ್ಯವನ್ನು ಅಡ್ಡಲಾಗಿ ಅರ್ಧಕ್ಕೆ ಹಿಸುಕಿ ಫಿಲ್ಮಿನ ಮೇಲೆ ಮೂಡಿಸುವುದು. ತೋರಿಸುವಾಗ ಇನ್ನೊಂದು ಮಸೂರವು ಅದನ್ನು ಮತ್ತೆ ಹಿಗ್ಗಿಸುವುದು. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ 1959ರ ‘ಕಾಗಜ್ ಕೆ ಫೂಲ್’. ಕನ್ನಡದಲ್ಲಿ 1977ರ ‘ಸೊಸೆ ತಂದ ಸೌಭಾಗ್ಯ’. ಈಗಿನ ಅಗಲ ಚಿತ್ರಗಳಲ್ಲಿ ಎತ್ತರ 1 ಆದರೆ ಅಗಲ 2.39ರಷ್ಟು. ನಡುವೆ 1.85ರ ಚಿತ್ರಗಳೂ ಉಂಟು. ನಮ್ಮ ಪ್ರೊಜೆಕ್ಟರುಗಳ ಚೌಕಟ್ಟಾದರೋ ಬಹುಮಟ್ಟಿಗೆ 16 ಕ್ಕೆ 9.

ಲೆಕ್ಕ ಮಾಡಿ ನೋಡೋಣ. ಪರದೆಯ ಅಗಲ 200 ಸೆಂ.ಮೀ. ಇದ್ದರೆ ಎತ್ತರ 112.5 ಸೆಂ.ಮೀ. ಅದರ ಮೇಲೆ 2.39ರ ಚಿತ್ರವನ್ನು ತೋರಿಸಿದಾಗ ಚಿತ್ರದ ಎತ್ತರ 83.7 ಸೆಂ.ಮೀ. ಮಾತ್ರ. ಉಳಿದ 28.8 ಸೆಂ.ಮೀ. ಮೇಲೆ 14.4, ಕೆಳಗೆ 14.4 ಎಂದು ಎರಡು ಖಾಲಿ ಪಟ್ಟಿಗಳಾಗಿ ನಿಲ್ಲುವುದು. ಹಳೆಯ 4 ಕ್ಕೆ 3ರ ಚಿತ್ರವಾದರೆ ಎಡಬಲಗಳಲ್ಲಿ ತಲಾ 25 ಸೆಂ.ಮೀ. ಖಾಲಿ. ಎರಡು ಸಂದರ್ಭಗಳಲ್ಲಿಯೂ ಪರದೆಯ ಸುಮಾರು ಕಾಲು ಭಾಗ ವ್ಯರ್ಥ.

ವ್ಯರ್ಥವಾದರೆ ಆಗಲಿ, ಅಲ್ಲಿ ಕಪ್ಪು ತಾನೇ ಇರುವುದು ಎನ್ನುವಿರಾ? ಇಲ್ಲಿಯೇ ಇರುವುದು ಸ್ವಾರಸ್ಯ. ಪ್ರೊಜೆಕ್ಟರು ಬೆಳಕನ್ನು ಚೆಲ್ಲಬಲ್ಲುದೇ ಹೊರತು ಕತ್ತಲೆಯನ್ನು ಚೆಲ್ಲಲಾರದು. ‘ಕಪ್ಪು’ ಎಂದು ನಾವು ಕರೆಯುವಲ್ಲಿ ಅದು ಬೆಳಕನ್ನು ತಡೆಯಲು ಯತ್ನಿಸುತ್ತದೆ. ಆದರೂ ತುಸು ಬೆಳಕು ಸೋರಿಯೇ ಸೋರುವುದು. ಚಿತ್ರಮಂದಿರಗಳಲ್ಲಿ ಅಚ್ಚ ಬಿಳುಪಿನ ಅಂಗೀಕೃತ ಪ್ರಕಾಶವು ಚದರ ಮೀಟರಿಗೆ 48 ಕ್ಯಾಂಡೆಲ. ನಮ್ಮ ಪ್ರೊಜೆಕ್ಟರೂ ಅಷ್ಟನ್ನು ಕೊಡುವುದೆಂದೂ, ಅದರ ಬಿಳುಪು ಕಪ್ಪುಗಳ ಪ್ರಮಾಣ 1000 ಕ್ಕೆ 1 ಎಂದೂ ಇಟ್ಟುಕೊಂಡರೆ, ಅದರ ‘ಕಪ್ಪಿನ’ ಪ್ರಕಾಶ 0.048. ಕತ್ತಲೆಗೆ ಹೊಂದಿಕೊಂಡ ಕಣ್ಣು ಇದಕ್ಕಿಂತ ಸಾವಿರಾರು ಪಾಲು ಕ್ಷೀಣವಾದ ಬೆಳಕನ್ನೂ ಗುರುತಿಸಬಲ್ಲುದು. ಆದುದರಿಂದ ಆ ಪಟ್ಟಿಗಳು ಕಪ್ಪಾಗಿ ಕಾಣದೆ ಮಾಸಿದ ಬೂದುಬಣ್ಣವಾಗಿ ಕಾಣುವುವು.

ಈಗ ಆ ಪಟ್ಟಿಗಳ ಮೇಲೆ ಕಪ್ಪು ಮಖಮಲ್ಲಿನ ಅರಿವೆಯನ್ನು ಇಳಿಬಿಡಿರಿ. ಒಳ್ಳೆಯ ಮಖಮಲ್ಲು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲನ್ನು ಮಾತ್ರ ಹಿಂದಿರುಗಿಸುವುದು. 0.048 ಇದ್ದದ್ದು 0.0005ಕ್ಕೆ ಇಳಿಯಿತು, ಇದು ಅಮಾವಾಸ್ಯೆಯ ಇರುಳಿನ ಆಕಾಶದ ದರ್ಜೆಯ ಪ್ರಕಾಶ. ಮಖಮಲ್ಲಿನ ಕಪ್ಪು ಬಣ್ಣದಿಂದ ಮಾತ್ರ ಬಂದುದಲ್ಲ. ನಿಂತ ನೂಲೆಳೆಗಳ ಸಂದಿಯೊಳಕ್ಕೆ ಹೊಕ್ಕ ಬೆಳಕು ಎಳೆಯಿಂದ ಎಳೆಗೆ ತಾಗುತ್ತ ತಾಗುತ್ತ ಕುಂದುವುದು. ಒಂದೊಂದು ತಾಗಿನಲ್ಲಿಯೂ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದರೆ ಮೂರು ತಾಗುಗಳಾದ ಮೇಲೆ ಉಳಿಯುವುದು ಸಾವಿರದಲ್ಲಿ ಒಂದು. ಪಠ್ಯಪುಸ್ತಕದಲ್ಲಿ ಕೃಷ್ಣಕಾಯವನ್ನು ವರ್ಣಿಸುವಾಗ ಸಣ್ಣ ರಂಧ್ರವಿರುವ ಟೊಳ್ಳು ಗೋಲದ ಚಿತ್ರವನ್ನು ನೀವು ಬರೆದಿರುವಿರಷ್ಟೆ. ಮಖಮಲ್ಲೆಂದರೆ ಅಂತಹ ಲಕ್ಷಾಂತರ ಸಣ್ಣ ಸಣ್ಣ ರಂಧ್ರಗಳ ಬಯಲು.

ಈ ಕಪ್ಪು ಅರಿವೆಯನ್ನು ನಾನು ಮರೆಪಟ್ಟಿಯೆಂದು ಕರೆಯುತ್ತೇನೆ. ಮರೆಪಟ್ಟಿಯನ್ನು ಹಾಕಿದರೆ ಚಿತ್ರದೊಳಗಿನ ಕಪ್ಪೂ ಹೆಚ್ಚು ಕಪ್ಪಾಗುವುದೆಂದು ಹೇಳುವವರುಂಟು. ಈ ಮಾತನ್ನು ನಂಬುವುದಕ್ಕೆ ಮೊದಲು ಅಳೆದು ನೋಡಬೇಕು. ಚಿತ್ರದ ನಡುವೆ ಬೀಳುವ ಬೆಳಕು, ಅಂಚಿಗೆ ಅರಿವೆಯನ್ನು ಹಾಕಿದ ಮಾತ್ರಕ್ಕೆ ಬದಲಾಗದು. ಅಷ್ಟೇ ಅಲ್ಲ, ಸುತ್ತಲೂ ಕತ್ತಲೆ ಹೆಚ್ಚಿದಂತೆ ಚಿತ್ರದೊಳಗಿನ ಮಬ್ಬು ಭಾಗಗಳು ಕಣ್ಣಿಗೆ ತುಸು ಬೆಳ್ಳಗೆ ತೋರುವುವೆಂದು 1967ರಲ್ಲಿ ಬಾರ್ಟಲ್ಸನ್ ಮತ್ತು ಬ್ರೆನೆಮನ್ ಎಂಬವರು ತೋರಿಸಿಕೊಟ್ಟಿದ್ದಾರೆ. ಹಾಗಾದರೆ ಮರೆಪಟ್ಟಿಯ ಪ್ರಯೋಜನವೇನು? ಚಿತ್ರಕ್ಕೆ ಖಚಿತವಾದ ಎಲ್ಲೆಯನ್ನು ಕೊಡುವುದು. ಅಂಚಿನಿಂದ ಹೊರಚೆಲ್ಲಿದ ಮಸುಕು ಬೆಳಕನ್ನು ನುಂಗುವುದು. ನೋಟವನ್ನು ಸೆಳೆಯುವ ಬೂದುಪಟ್ಟಿಯನ್ನು ಇಲ್ಲದಂತೆ ಮಾಡುವುದು. ಪ್ರಯೋಜನ ಇಷ್ಟೇ, ಆದರೆ ಇಷ್ಟು ಸಾಕು. ಡೇರೆಯ ಪರದೆಗೆ ಕಪ್ಪು ಪಟ್ಟಿಯನ್ನು ಹೊಲಿದ ದರ್ಜಿಯ ಕೆಲಸಕ್ಕೆ ಕಾರಣವೂ ಇದೇ.

ಚಿತ್ರದ ಆಕಾರ ಬದಲಾದಂತೆ ಮರೆಪಟ್ಟಿಯೂ ಸರಿಯಬೇಕಲ್ಲವೆ? ಹಿಂದಿನ ಅನೇಕ ಚಿತ್ರಮಂದಿರಗಳಲ್ಲಿ ಇದಕ್ಕಾಗಿ ಮೋಟಾರು ಇರುತ್ತಿತ್ತು. ಪ್ರೊಜೆಕ್ಟರ್ ಕೋಣೆಯಲ್ಲಿ ಗುಂಡಿಯೊತ್ತಿದರೆ ಕಪ್ಪು ಅರಿವೆ ಸರಿದು ಪರದೆ ಅಗಲವಾಗುತ್ತಿತ್ತು. ಮನೆಗೆಂದು ಸಿದ್ಧಪಡಿಸಿದ ಇಂತಹ ಉಪಕರಣಗಳು ವಿದೇಶಗಳಲ್ಲಿ ಮಾರಾಟಕ್ಕೆ ದೊರೆಯುವುವು. ಅವುಗಳ ಬೆಲೆ ಮಾತ್ರ ಸಾಮಾನ್ಯರಿಗೆ ಎಟುಕುವಂತಹುದಲ್ಲ. ಅದನ್ನು ನಾವೇ ಕಟ್ಟಬಹುದು. ಕಟ್ಟಬಹುದು ಮಾತ್ರವಲ್ಲ, ನಮ್ಮ ವಿದ್ಯಾರ್ಥಿಗಳು ಕಟ್ಟಲೇಬೇಕೆಂಬುದು ನನ್ನ ವಾದ. ಏಕೆಂದರೆ ಈ ಒಂದು ಕೆಲಸದಲ್ಲಿ ಅಡಗಿರುವಷ್ಟು ಭೌತಶಾಸ್ತ್ರವು ಪ್ರಯೋಗಪುಸ್ತಕದ ಹತ್ತು ಪ್ರಯೋಗಗಳಲ್ಲಿ ಇಲ್ಲ.

ನಮ್ಮ ಪ್ರಯೋಗಶಾಲೆಗಳಲ್ಲಿ ನಡೆಯುವುದೇನು? ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷಕ್ಕೆ 9.8 ಬರಬೇಕೆಂದು ವಿದ್ಯಾರ್ಥಿಗೆ ಮೊದಲೇ ಗೊತ್ತು. ಬಾರದಿದ್ದರೆ ಅಂಕಿಗಳನ್ನು ತಿದ್ದಿ ಬರಿಸುವನು. ನಾನೂ ವಿದ್ಯಾರ್ಥಿಯಾಗಿದ್ದಾಗ ಹೀಗೆ ಮಾಡಿದವನೇ; ಈಗ ಅಧ್ಯಾಪಕನಾಗಿ ಅದನ್ನು ಕಂಡೂ ಕಾಣದಂತೆ ಸಹಿ ಹಾಕಿದವನೂ ಹೌದು. ವಿಜ್ಞಾನ ಪ್ರದರ್ಶನಗಳಿಗೆ ಬರುವ ಮಾದರಿಗಳಲ್ಲಿ ಎಷ್ಟೋ ಪೇಟೆಯಿಂದ ಕೊಂಡು ತಂದವು. ಹೀಗೆ ಕಲಿತವನಿಗೆ ಸೋಲುವುದು ಹೇಗೆಂದು ತಿಳಿಯದು. ಸೋಲನ್ನು ಅರಿಯದವನು ಪ್ರಕೃತಿಯೊಡನೆ ಮಾತನಾಡಲು ಕಲಿತಂತಾಗಲಿಲ್ಲ. ತನ್ನ ಕೈಯಿಂದ ಕಟ್ಟಿದ ಯಂತ್ರದ ಮುಂದೆ ಅಂಕಿಗಳನ್ನು ತಿದ್ದಲು ಬರುವುದಿಲ್ಲ. ಮರೆಪಟ್ಟಿಯು ನಿಲ್ಲಬೇಕಾದಲ್ಲಿ ನಿಲ್ಲುವುದು ಅಥವಾ ನಿಲ್ಲದು. ಅದನ್ನು ಮನೆಮಂದಿಯೆಲ್ಲ ನೋಡುವರು.

ರಚನೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಪರದೆಗಿಂತ ತುಸು ದೊಡ್ಡದಾದ ಮರದ ಚೌಕಟ್ಟು. ಮಖಮಲ್ಲನ್ನು ಸುತ್ತಿದ ಎರಡು ಹಗುರ ಪಟ್ಟಿಗಳು. ಒಂದು ಮೇಲಿನಿಂದ ಇಳಿಯತಕ್ಕದ್ದು, ಇನ್ನೊಂದು ಕೆಳಗಿನಿಂದ ಏರತಕ್ಕದ್ದು. ಇವೆರಡಕ್ಕೂ ಬೇರೆ ಬೇರೆ ಮೋಟಾರು ಬೇಕೆಂದು ಮೊದಲು ತೋರುವುದು. ಆದರೆ ಒಂದನ್ನೇ ಗಾಲಿಯ ಮೇಲಿನ ಕುಣಿಕೆದಾರದ ಒಂದು ಬದಿಗೂ ಮತ್ತೊಂದನ್ನು ಎದುರು ಬದಿಗೂ ಕಟ್ಟಿದರೆ, ಒಂದು ಇಳಿದಷ್ಟೇ ಮತ್ತೊಂದು ಏರುವುದು. ಎರಡರ ತೂಕವೂ ಸಮನಾಗಿದ್ದರೆ ಒಂದರ ಭಾರವನ್ನು ಇನ್ನೊಂದು ಹೊರುವುದು. ಮೋಟಾರಿಗೆ ಉಳಿಯುವ ಕೆಲಸ ಘರ್ಷಣೆಯನ್ನು ಮೀರುವುದು ಮಾತ್ರ. ಇದು 1784ರಲ್ಲಿ ಜಾರ್ಜ್ ಆಟ್‌ವುಡ್ ವರ್ಣಿಸಿದ ಯಂತ್ರವೇ. ಸರಿದೂಗುವ ಭಾರದಿಂದ ಬಾವಿಯ ನೀರನ್ನೆತ್ತಿದ ನಮ್ಮ ಏತದ ಯುಕ್ತಿಯೂ ಇದರ ಬಂಧುವೇ. ಪಟ್ಟಿಗಳು ಓರೆಯಾಗದಿರಲು ಚೌಕಟ್ಟಿನ ಎಡಬಲಗಳೆರಡರಲ್ಲಿಯೂ ಇಂತಹ ಕುಣಿಕೆ ಇರಬೇಕು. ಎರಡು ಗಾಲಿಗಳನ್ನೂ ಒಂದೇ ಕಬ್ಬಿಣದ ಕೊಳವೆಗೆ ಬಿಗಿದು, ಆ ಕೊಳವೆಯನ್ನು ಮೋಟಾರಿನಿಂದ ತಿರುಗಿಸಬೇಕು.

ಇನ್ನು ನನ್ನ ಸೋಲಿನ ಕಥೆ. ಮೊದಲ ಬಾರಿಗೆ ನಾನು ಹಳೆಯ ಮೋಟಾರುಗಾಡಿಯ ಗಾಜೊರಸುವ 12 ವೋಲ್ಟಿನ ಮೋಟಾರನ್ನು ತಂದೆನು. ಗುಂಡಿಯನ್ನೊತ್ತಿದರೆ ಆರು ಸೆಕೆಂಡುಗಳ ಕಾಲ ತಿರುಗಿ ನಿಲ್ಲುವಂತೆ ಮೈಕ್ರೊಕಂಟ್ರೋಲರಿಗೆ ಆಜ್ಞೆಯನ್ನು ಬರೆದೆನು. ಆರು ಸೆಕೆಂಡಿಗೆ 14.4 ಸೆಂ.ಮೀ.; ಹತ್ತಾರು ಸಲ ನೋಡಿದೆನು, ಸರಿಯಾಗಿಯೇ ಇತ್ತು. ಒಂದು ಸಂಜೆ ಪಟ್ಟಿಗಳು ತೆರೆದುಕೊಳ್ಳುತ್ತಿರುವಾಗ ಮೂರನೆಯ ಸೆಕೆಂಡಿನಲ್ಲಿ ವಿದ್ಯುತ್ತು ಹೋಯಿತು. ಮತ್ತೆ ಬಂದಾಗ ಯಂತ್ರಕ್ಕೆ ಹಿಂದಿನದು ನೆನಪಿರಲಿಲ್ಲ. ಪಟ್ಟಿಗಳು ಮುಚ್ಚಿವೆಯೆಂದೇ ಭಾವಿಸಿ ಪೂರಾ ಆರು ಸೆಕೆಂಡು ತೆರೆಯಿತು. ಮೇಲಿನ ಪಟ್ಟಿ ಗಾಲಿಗೆ ಹೋಗಿ ಬಡಿಯಿತು. ಮೋಟಾರು ಬಲಶಾಲಿ, ದಾರ ಬಡಪಾಯಿ. ದಾರ ಹರಿದು ಪಟ್ಟಿಯು ನೆಲಕ್ಕೆ ಬಿದ್ದಿತು. ಅದರ ಕೆಳಗೆ ಯಾರೂ ಕುಳಿತಿರಲಿಲ್ಲವೆಂಬುದು ಪುಣ್ಯ.

ನೆಲದ ಮೇಲಿನ ಪಟ್ಟಿಯನ್ನು ಎತ್ತುವಾಗ ನನಗೆ ಹೊಳೆದ ಮಾತು ಇದು: ಕಾಲವು ಸ್ಥಾನವಲ್ಲ. ‘ವೇಗ ಗುಣಿಸು ಕಾಲ ಎಂದರೆ ದೂರ’ ಎಂದು ಹತ್ತು ವರ್ಷ ತರಗತಿಯಲ್ಲಿ ಹೇಳಿದವನು ನಾನು. ವೇಗವು ಸ್ಥಿರವಾಗಿದ್ದರೆ ಎಂಬ ಷರತ್ತನ್ನೂ ಹೇಳಿದವನು. ಆದರೆ ಆ ಷರತ್ತಿನ ಭಾರ ನನಗೆ ತಿಳಿದದ್ದು ಅಂದು. ಯಂತ್ರವು ತಾನು ಎಲ್ಲಿದ್ದೇನೆಂದು ಊಹಿಸಬಾರದು; ಹೊರಗಿನ ಲೋಕವನ್ನು ಕೇಳಿ ತಿಳಿಯಬೇಕು.

ಇದನ್ನು ನಮ್ಮ ರೈತರು ಬಲ್ಲರು. ಕೃಷ್ಣಾತೀರದ ಕಬ್ಬಿನ ಗದ್ದೆಗಳಲ್ಲಿ ಪಂಪಿನ ಮೋಟಾರಿಗೆ ಜೋಡಿಸಿದ ಸ್ಟಾರ್ಟರಿನ ಪೆಟ್ಟಿಗೆಯನ್ನು ತೆರೆದು ನೋಡಿರಿ. ವಿದ್ಯುತ್ತು ಹೋದೊಡನೆ ಅದರೊಳಗಿನ ವಿದ್ಯುತ್ಕಾಂತವು ಹಿಡಿತವನ್ನು ಬಿಡುವುದು; ವಿದ್ಯುತ್ತು ಮರಳಿದರೂ ಯಾರಾದರೂ ಗುಂಡಿಯನ್ನೊತ್ತುವವರೆಗೆ ಪಂಪು ತಾನಾಗಿ ಹೊರಡದು. ರಾತ್ರಿಯ ವಿದ್ಯುತ್ತಿಗಾಗಿ ಕಾಯಲಾರದವರು ಅದಕ್ಕೆ ಸ್ವಯಂಚಾಲಿತ ಸ್ವಿಚ್ಚನ್ನು ಬೇರೆಯಾಗಿ ಜೋಡಿಸುವರು. ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ತೇಲುವ ಸ್ವಿಚ್ಚು ‘ಎಷ್ಟು ಹೊತ್ತಾಯಿತು’ ಎಂದು ಕೇಳದು, ‘ನೀರು ಎಲ್ಲಿಗೆ ಬಂದಿತು’ ಎಂದು ಕೇಳುವುದು. ವಿದ್ಯುತ್ತು ಹೋಗಿ ಬಂದರೆ ಏನಾಗುವುದೆಂಬ ಪ್ರಶ್ನೆ ನಮ್ಮ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಗದ್ದೆಯ ಸ್ಟಾರ್ಟರಿನಲ್ಲಿ ಇದೆ.

ಎರಡನೆಯ ಸಲ ನಾನು ಮೈಕ್ರೊಕಂಟ್ರೋಲರನ್ನೇ ತೆಗೆದಿಟ್ಟೆನು. ಪಟ್ಟಿಯ ದಾರಿಯ ಎರಡು ಕೊನೆಗಳಲ್ಲಿಯೂ ಒಂದೊಂದು ಸಣ್ಣ ಮಿತಿಸ್ವಿಚ್ಚು. ಪಟ್ಟಿಯು ಬಂದು ತಾಗಿದೊಡನೆ ಅದು ಮೋಟಾರಿನ ಪ್ರವಾಹವನ್ನು ಕಡಿಯುವುದು. ಕಡಿದ ಮೇಲೆ ಹಿಂದಿರುಗುವುದು ಹೇಗೆ? ಪ್ರತಿಯೊಂದು ಸ್ವಿಚ್ಚಿಗೂ ಸಮಾಂತರವಾಗಿ ಒಂದು ಡಯೋಡನ್ನು ಜೋಡಿಸಬೇಕು. ಡಯೋಡು ಒಂದೇ ದಿಕ್ಕಿನ ಪ್ರವಾಹವನ್ನು ಬಿಡುವುದಾದುದರಿಂದ, ಮುಂದಕ್ಕೆ ಹೋಗುವ ದಾರಿ ಮುಚ್ಚಿದರೂ ಹಿಂದಕ್ಕೆ ಬರುವ ದಾರಿ ತೆರೆದಿರುವುದು. ಎರಡು ಸ್ವಿಚ್ಚು, ಎರಡು ಡಯೋಡು, ಪ್ರವಾಹದ ದಿಕ್ಕನ್ನು ಬದಲಿಸುವ ಒಂದು ಕೀಲಿ, ಇಷ್ಟೇ. ವಿದ್ಯುತ್ತು ನೂರು ಸಲ ಹೋಗಿ ಬಂದರೂ ಈ ಯಂತ್ರ ತಪ್ಪದು. ಅದಕ್ಕೆ ಮರೆಯುವುದಕ್ಕೆ ನೆನಪೇ ಇಲ್ಲ.

ಎರಡು ಆಕಾರಗಳಿಗೆ ಇದು ಸಾಕು. ನಡುವಣ 1.85ರ ಚಿತ್ರಕ್ಕೆ 2.2 ಸೆಂ.ಮೀ. ಮಾತ್ರ ಸರಿಯಬೇಕು, ಅಲ್ಲಿ ಎಣಿಕೆ ಬೇಕಾಗುವುದು. ಅದಕ್ಕೆ ಸ್ಟೆಪರ್ ಮೋಟಾರು, ಎಂದರೆ ಹೆಜ್ಜೆಹೆಜ್ಜೆಯಾಗಿ ತಿರುಗುವ ಮೋಟಾರು, ಅನುಕೂಲ. ಸಾಮಾನ್ಯವಾಗಿ ಅದರ ಒಂದು ಸುತ್ತಿಗೆ 200 ಹೆಜ್ಜೆಗಳು. 2 ಮಿ.ಮೀ. ಅಂತರದ 20 ಹಲ್ಲುಗಳ ಗಾಲಿಯಾದರೆ ಒಂದು ಸುತ್ತಿಗೆ 40 ಮಿ.ಮೀ., ಒಂದು ಹೆಜ್ಜೆಗೆ 0.2 ಮಿ.ಮೀ. ಹಾಗಾದರೆ 2.2 ಸೆಂ.ಮೀ.ಗೆ 110 ಹೆಜ್ಜೆ, 14.4 ಸೆಂ.ಮೀ.ಗೆ 720 ಹೆಜ್ಜೆ. ಎಣಿಸುವವನಿಗೆ ಸೊನ್ನೆ ಎಲ್ಲಿದೆಯೆಂದು ಗೊತ್ತಿರಬೇಕಷ್ಟೆ. ಆದಕಾರಣ ಪ್ರತಿಸಲ ವಿದ್ಯುತ್ತು ಬಂದೊಡನೆ ಪಟ್ಟಿಯು ಮೊದಲು ಮೆಲ್ಲಗೆ ಹಿಂದೆ ಸರಿದು ಮಿತಿಸ್ವಿಚ್ಚನ್ನು ತಾಗಿ, ಅದನ್ನೇ ಸೊನ್ನೆಯೆಂದು ಕೊಂಡು ಎಣಿಕೆಯನ್ನು ಆರಂಭಿಸಬೇಕು. ಇಲ್ಲಿ ಮೈಕ್ರೊಕಂಟ್ರೋಲರಿಗೆ ನಿಜವಾದ ಕೆಲಸವುಂಟು.

ಚಿತ್ರದ ಆಕಾರವನ್ನು ಯಂತ್ರವೇ ಕಂಡುಕೊಂಡು ತಾನಾಗಿ ಸರಿಯುವಂತೆ ಮಾಡಬಾರದೆ ಎಂದು ನನ್ನ ವಿದ್ಯಾರ್ಥಿಗಳು ಕೇಳಿದರು. ಒಳ್ಳೆಯ ಪ್ರಶ್ನೆ. ಪರದೆಯ ಮೇಲ್ಭಾಗವನ್ನು ನೋಡುವ ಬೆಳಕುಗ್ರಾಹಿಯೊಂದನ್ನು ಇಟ್ಟು, ಅಲ್ಲಿ ಕೆಲವು ಸೆಕೆಂಡು ಕತ್ತಲಿದ್ದರೆ ಮುಚ್ಚು, ಬೆಳಕಿದ್ದರೆ ತೆರೆ ಎಂದು ಆಜ್ಞಾಪಿಸಬಹುದು. ಆದರೆ ಚಿತ್ರದಲ್ಲಿ ಇರುಳಿನ ದೃಶ್ಯ ಬಂದರೆ? ಕೆಳಗಿನ ಖಾಲಿ ಪಟ್ಟಿಯಲ್ಲಿ ಭಾಷಾಂತರದ ಸಾಲುಗಳು ಮೂಡಿದರೆ? ಎಲ್ಲಕ್ಕಿಂತ ದೊಡ್ಡ ತೊಡಕು ಬೇರೊಂದು. ಮರೆಪಟ್ಟಿ ಮುಚ್ಚಿದ ಮೇಲೆ ಆ ಗ್ರಾಹಿಯು ನೋಡುವುದು ಪರದೆಯನ್ನಲ್ಲ, ಮಖಮಲ್ಲನ್ನು. ಮತ್ತೆ ಬೆಳಕು ಬಿದ್ದರೂ ಮಖಮಲ್ಲು ಅದನ್ನು ನುಂಗಿಬಿಡುವುದು. ತನ್ನ ಕಣ್ಣನ್ನು ತಾನೇ ಮುಚ್ಚಿಕೊಂಡ ಯಂತ್ರಕ್ಕೆ ತೆರೆಯುವ ಹೊತ್ತು ತಿಳಿಯುವುದೆಂತು? 2008ರ ‘ದಿ ಡಾರ್ಕ್ ನೈಟ್’ ಚಿತ್ರದ ಮನೆಮುದ್ರಿಕೆಯಂತೆ ನಡುನಡುವೆ ಆಕಾರ ಬದಲಾಗುವ ಚಿತ್ರಗಳೂ ಉಂಟು. ಈ ಸಮಸ್ಯೆಯನ್ನು ಬಿಡಿಸುವ ಹಂಬಲವುಳ್ಳವರು ಬಿಡಿಸಲಿ. ನನ್ನ ಅಭಿಪ್ರಾಯವಿಷ್ಟೆ: ಸರಿಸುವ ಶ್ರಮವನ್ನು ಯಂತ್ರಕ್ಕೆ ಬಿಡಿರಿ, ಯಾವಾಗ ಸರಿಸಬೇಕೆಂಬ ನಿರ್ಣಯವನ್ನು ಸದ್ಯಕ್ಕೆ ನಿಮ್ಮ ಬೆರಳಿನಲ್ಲಿಯೇ ಇಟ್ಟುಕೊಳ್ಳಿರಿ. ಸ್ವಯಂಚಾಲನೆಯೆಂದರೆ ಎಲ್ಲವನ್ನೂ ಯಂತ್ರಕ್ಕೆ ಒಪ್ಪಿಸುವುದಲ್ಲ. ಯಾವುದನ್ನು ಒಪ್ಪಿಸಬೇಕೆಂದು ಬಲ್ಲವನಾಗುವುದು.

ಮನೆಯ ಸಿನೆಮಾ ಉಳ್ಳವರ ವಿಲಾಸ, ಬಡ ವಿದ್ಯಾರ್ಥಿಗೆ ಇದೇಕೆ ಎಂಬ ಆಕ್ಷೇಪ ಬರಬಹುದು. ಪ್ರೊಜೆಕ್ಟರನ್ನು ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಕಾಲೇಜಿನಲ್ಲಿ ಇರುವುದರ ಮುಂದೆಯೇ ಕಟ್ಟಿರಿ. ಮರ, ಅರಿವೆ, ಮೋಟಾರು, ಸ್ವಿಚ್ಚು, ದಾರ ಎಲ್ಲ ಸೇರಿ ನನಗೆ ತಗುಲಿದ ವೆಚ್ಚ ಮೂರು ಸಾವಿರ ರೂಪಾಯಿಗೆ ಮೀರಲಿಲ್ಲ. ಐದಾರು ಮಂದಿ ಹಂಚಿಕೊಂಡರೆ ಅದು ದೊಡ್ಡ ಹೊರೆಯಲ್ಲ. ಎಚ್ಚರಿಕೆ ಒಂದೇ: 12 ವೋಲ್ಟಿಗೆ ಮೀರಬೇಡಿರಿ, ಮನೆಯ 230 ವೋಲ್ಟಿನ ತಂತಿಯೊಡನೆ ಆಟ ಬೇಡ.

ಕೈಗೆಲಸ ನಮ್ಮಿಂದ ಆಗದು ಎನ್ನುವವರಿಗೆ ನೆರೆಯೂರಿನ ಒಂದು ಸಂಗತಿಯನ್ನು ನೆನಪಿಸುತ್ತೇನೆ. ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರ್ ದೂರದ ಕೊಲ್ಲಾಪುರದಲ್ಲಿ ಬಾಬೂರಾವ್ ಪೇಂಟರ್ ಎಂಬ ಚಿತ್ರಕಾರರಿದ್ದರು. ಬಂಧುವಾದ ಆನಂದರಾವ್ ಪೇಂಟರರೊಡನೆ ಸೇರಿ ಚಲಚ್ಚಿತ್ರದ ಕ್ಯಾಮರಾವನ್ನು ಸ್ವತಃ ಮಾಡಬೇಕೆಂದು ಹೊರಟರು. 1916ರಲ್ಲಿ ಆನಂದರಾಯರು ತೀರಿಕೊಂಡರು. ಬಾಬೂರಾಯರು ಕೆಲಸವನ್ನು ಬಿಡಲಿಲ್ಲ; ಶಿಷ್ಯ ದಾಮ್ಲೆಯವರ ನೆರವಿನಿಂದ 1918ರ ಸುಮಾರಿಗೆ ಕೆಲಸ ಮಾಡುವ ಕ್ಯಾಮರಾವನ್ನು ಕಟ್ಟಿಯೇ ತೀರಿದರು. ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿಯ ‘ಸೈರಂಧ್ರಿ’ 1920ರಲ್ಲಿ ತೆರೆಕಂಡಿತು. ಅಲ್ಲಿ ಪಳಗಿದವರೇ 1929ರಲ್ಲಿ ಪ್ರಭಾತ್ ಕಂಪನಿಯನ್ನು ಸ್ಥಾಪಿಸಿದರು. ಬಾಬೂರಾಯರ ಬಳಿ ವಿಜ್ಞಾನದ ಪದವಿ ಇರಲಿಲ್ಲ. ನಿಮ್ಮ ಬಳಿ ಪಠ್ಯಪುಸ್ತಕವಿದೆ, ಪ್ರಯೋಗಶಾಲೆಯಿದೆ, ಕಿಸೆಯಲ್ಲಿ ಲೋಕದ ಮಾಹಿತಿಯಿದೆ. ಇಲ್ಲದಿರುವುದು ಕೈಗೆ ಹತ್ತಿದ ಎಣ್ಣೆ ಮಾತ್ರ.

ಕೈಬಲ್ಲವರು ನಮ್ಮ ಐದು ತಾಲೂಕುಗಳಲ್ಲಿ ಕಡಿಮೆಯಿಲ್ಲ. ಅಥಣಿ, ನಿಪ್ಪಾಣಿಗಳ ಚರ್ಮಕುಶಲಿಗಳು ಹೊಲಿಯುವ ಕೊಲ್ಲಾಪುರಿ ಪಾದರಕ್ಷೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಅದರಲ್ಲಿ ಬೆಳಗಾವಿ ಜಿಲ್ಲೆಗೂ ಪಾಲು ದೊರೆಯಿತು. ಕಾಗವಾಡ ತಾಲೂಕಿನ ಉಗಾರದಲ್ಲಿಯೂ ರಾಯಬಾಗದ ಸುತ್ತಮುತ್ತಲಿನಲ್ಲಿಯೂ ಸಕ್ಕರೆ ಕಾರ್ಖಾನೆಗಳಿವೆ; ಊರೂರಿಗೆ ಪಂಪಿನ ಮೋಟಾರುಗಳ ಸುರುಳಿ ಸುತ್ತುವವರಿದ್ದಾರೆ. ಅವರ ಅಂಗಡಿಗೂ ನಮ್ಮ ಪ್ರಯೋಗಶಾಲೆಗೂ ನಡುವೆ ಒಂದು ಬೀದಿಯ ಅಂತರವಿದ್ದರೂ ವಿದ್ಯಾರ್ಥಿ ಆ ಬೀದಿಯನ್ನು ದಾಟುವುದಿಲ್ಲ. ಮರೆಪಟ್ಟಿಯನ್ನು ಕಟ್ಟಹೊರಟವನು ದಾಟಲೇಬೇಕಾಗುವುದು. ಈ ಕೆಲಸದ ದೊಡ್ಡ ಲಾಭ ಅದೇ ಎಂದು ನಾನು ಎಣಿಸುತ್ತೇನೆ.

ಆದುದರಿಂದ ನನ್ನ ಸೂಚನೆ ಇಷ್ಟು. ಪ್ರತಿಯೊಂದು ಕಾಲೇಜೂ ವರ್ಷಕ್ಕೆ ಒಂದು ಪ್ರಯೋಗವನ್ನಾದರೂ ಉತ್ತರ ಮೊದಲೇ ಗೊತ್ತಿಲ್ಲದಂತಹುದನ್ನಾಗಿ ಇಟ್ಟುಕೊಳ್ಳಲಿ. ವಿದ್ಯಾರ್ಥಿಯು ತನ್ನ ಸೋಲನ್ನೂ ಪುಸ್ತಕದಲ್ಲಿ ಬರೆಯಲಿ. ಆ ಬರಹಕ್ಕೆ ನಾವು ಅಂಕವನ್ನು ಕೊಡೋಣ. ಈ ಸೂಚನೆಯನ್ನು ಮೊದಲು ಪಾಲಿಸಬೇಕಾದವರು ನನ್ನಂತಹ ಅಧ್ಯಾಪಕರೇ. ಹರಿದ ಆ ದಾರವನ್ನು ನಾನು ಎಸೆದಿಲ್ಲ; ಪ್ರಯೋಗಶಾಲೆಯ ಗೋಡೆಯಲ್ಲಿ ಮೊಳೆಗೆ ತೂಗುಹಾಕಿದ್ದೇನೆ. ಅದೇನೆಂದು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಕೇಳುತ್ತಾರೆ, ಪಾಠ ಅಲ್ಲಿಂದ ಆರಂಭವಾಗುತ್ತದೆ.